ಹನಿ ನಿಂತರೆ ಹೆದರಬೇಕು

ಹೋದ ಸಂಚಿಕೆಯ ಈ ಅಂಕಣದಲ್ಲಿ ನಾವು ಶ್ಯಾನನ್ ನದಿಯ ದೋಣಿವಿಹಾರವನ್ನು ಬಾಯಿತುಂಬ ಹೊಗಳಿ ಬರೆದಿದ್ದೆವು. ಅದನ್ನು ಓದಿ ಸಂಘದ ಎರಡು ಮನೆಯವರು ತಾವೂ ಒಂದು ಹಳೆಯ ದೋಣಿ ಕೊಳ್ಳುವ ಯೋಚನೆಯಲ್ಲಿದ್ದಾರೆಂದು ಯುಗಾದಿಯ ಊಟದ ಪಂಕ್ತಿಯಲ್ಲಿ ತಿಳಿಯಿತು. ಸಂತೋಷವೇ. ಆದರೆ ಸುಖವನ್ನು ಬರೆದವರು ಕಷ್ಟವನ್ನು ಬರೆಯದೆ ಬಿಟ್ಟರೆ ಅದು ಮದುವೆ ದಲ್ಲಾಳಿಯ ಕೆಲಸವಾದೀತು. ಆದ್ದರಿಂದ ಈ ಸಲ, ನಮ್ಮ ನಾಲ್ಕು ಮನೆಗಳು ಪಾಲಿನಲ್ಲಿ ಕೊಂಡ ದೋಣಿ ಮುಳುಗುವುದರಲ್ಲಿದ್ದ ಕಥೆ, ಮತ್ತು ಅದಕ್ಕೆ ಕಾರಣವಾದ ಒಂದು ಮುಷ್ಟಿಗಾತ್ರದ ಕಂಚಿನ ಸಾಮಾನಿನ ವಿಚಾರ.

ದೋಣಿಯ ಎಂಜಿನ್ ಒಳಗಿದೆ. ಪ್ರೊಪೆಲರ್ ಹೊರಗೆ ನೀರಿನಲ್ಲಿದೆ. ಎರಡನ್ನೂ ಕೂಡಿಸುವ ಉಕ್ಕಿನ ಷಾಫ್ಟು ದೋಣಿಯ ಹಿಂಭಾಗದ ಒಂದು ತೂತಿನ ಮೂಲಕವೇ ಹೊರಗೆ ಹೋಗಬೇಕು. ಯೋಚಿಸಿ ನೋಡಿ: ನೀರಿನ ಮಟ್ಟಕ್ಕಿಂತ ಕೆಳಗೆ, ನಾವೇ ಬೇಕೆಂದು ಕೊರೆದ ತೂತು. ಅದರೊಳಗೆ ಒಂದು ಸರಳು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿರಬೇಕು, ಆದರೂ ನೀರು ಒಳಕ್ಕೆ ನುಗ್ಗಬಾರದು. 25 ಮಿಲಿಮೀಟರಿನ ತೂತು ನೀರಿನಿಂದ ಅರ್ಧ ಮೀಟರ್ ಕೆಳಗೆ ಪೂರ್ತಿ ತೆರೆದುಕೊಂಡರೆ ನಿಮಿಷಕ್ಕೆ ಸುಮಾರು 50 ಲೀಟರಿಗೂ ಮೇಲೆ ನೀರು ಬರುತ್ತದೆ. ನಮ್ಮಲ್ಲೊಬ್ಬರು ಇಂಜಿನಿಯರಿಂಗ್ ಓದಿದವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಈ ನೀರನ್ನು ತಡೆಯುವ ಸಾಮಾನಿಗೆ ಗ್ಲ್ಯಾಂಡು ಎನ್ನುತ್ತಾರೆ.

ಸೈಕ್ಲೋಸ್ಟೈಲ್ ಹಾಳೆಯಲ್ಲಿ ಚಿತ್ರ ಬರೆದರೆ ಕೊನೆಗೆ ಮಸಿಯೇ ಉಳಿಯುತ್ತದೆ. ಆದ್ದರಿಂದ ಮಾತಿನಲ್ಲೇ ಹೇಳುತ್ತೇವೆ. ಷಾಫ್ಟಿನ ಸುತ್ತ ಒಂದು ಕಂಚಿನ ಬಟ್ಟಲು. ಬಟ್ಟಲಿಗೂ ಷಾಫ್ಟಿಗೂ ನಡುವೆ ಅರ್ಧ ಬೆರಳಿನಷ್ಟು ಜಾಗ. ಆ ಜಾಗದಲ್ಲಿ ಗ್ರೀಸು ಹೀರಿದ, ಚೌಕ ಹೆಣಿಗೆಯ ಹಗ್ಗದ ನಾಲ್ಕು ಬಳೆಗಳು. ಅವುಗಳ ಬೆನ್ನಿಗೆ ಒಂದು ಮುಚ್ಚಳ, ಮುಚ್ಚಳವನ್ನು ಒತ್ತಲು ಎರಡು ನಟ್ಟು. ನಟ್ಟು ಬಿಗಿದಂತೆ ಹಗ್ಗ ಉಬ್ಬಿ ಷಾಫ್ಟನ್ನು ತಬ್ಬಿಕೊಳ್ಳುತ್ತದೆ. ಇಷ್ಟೇ. ಈ ಹಗ್ಗಕ್ಕೆ ಪ್ಯಾಕಿಂಗ್ ಎಂದು ಹೆಸರು. ಹಳೆಯ ಕ್ರಮದ ಪ್ಯಾಕಿಂಗು ಅಗಸೆಯ ನಾರಿನದು. ನಮ್ಮ ಉತ್ತರ ಕರ್ನಾಟಕದವರಿಗೆ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಹಿಂಡಿ. ಇಲ್ಲಿಯ ಅಲ್ಸ್ಟರ್ ಪ್ರಾಂತದವರಿಗೆ ಅದೇ ಗಿಡ ಲಿನನ್ ಬಟ್ಟೆ. ನಾರನ್ನು ನೆನೆಸುತ್ತಿದ್ದುದು ಪ್ರಾಣಿಯ ಕೊಬ್ಬಿನಲ್ಲಿ ಎಂದು ತಿಳಿದಾಗ ನಮ್ಮ ದೋಣಿಯಲ್ಲಿ ಒಂದು ಸಣ್ಣ ಧರ್ಮಸಂಕಟವೂ ನಡೆಯಿತೆನ್ನಿ. ಅದೇ ದೋಣಿಯಲ್ಲಿ ಏಕಾದಶಿಯ ಅವಲಕ್ಕಿ ಆಗಬೇಕಲ್ಲ! ಈಗ ಟೆಫ್ಲಾನ್ ಬೆರೆಸಿದ ನೂಲಿನ ಪ್ಯಾಕಿಂಗು ಸಿಗುತ್ತದೆ. ಆ ವಿವಾದ ಹಾಗೆ ಮುಗಿಯಿತು.

ಇನ್ನು ಕಥೆ.

2022ರ ನವೆಂಬರ್. ರಾಜ್ಯೋತ್ಸವದ ನಾಟಕದ ತಾಲೀಮು, ಅಡಿಗೆಯ ಪಟ್ಟಿ, ಸಭಾಂಗಣದ ಬಾಡಿಗೆ, ಈ ಗಡಿಬಿಡಿಯಲ್ಲಿ ಮೂರು ವಾರ ನಮ್ಮಲ್ಲಿ ಯಾರೂ ಬ್ಯಾನಹರ್ ಕಡೆ ಹೋಗಲಿಲ್ಲ. (ಊರಿನ ಹೆಸರಿನಲ್ಲಿ ನಡುವೆ ಜಿ ಬರೆಯುತ್ತಾರೆ, ಉಚ್ಚರಿಸುವುದಿಲ್ಲ, ಹೊಸದಾಗಿ ಹೋಗುವವರು ಗಮನಿಸಬೇಕು.) ಒಂದು ಬೆಳಿಗ್ಗೆ ಪಕ್ಕದ ದೋಣಿಯ ಹಿರಿಯರೊಬ್ಬರು ಫೋನ್ ಮಾಡಿ, ನಿಮ್ಮ ದೋಣಿಯ ಹಿಂಭಾಗ ಕೂತಿದೆ, ಬೇಗ ಬನ್ನಿ ಎಂದರು. ಡಬ್ಲಿನ್ನಿನಿಂದ ಸುಮಾರು ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಕಾರಿನಲ್ಲಿ ಮಾತಿಲ್ಲ.

ಹೋಗಿ ನೋಡಿದರೆ ಆ ಪುಣ್ಯಾತ್ಮರು ತಮ್ಮ ಪಂಪು ತಂದಿಟ್ಟು ನೀರು ಹೊರಹಾಕುತ್ತಿದ್ದರು. ಒಳಗೆ ಹಲಗೆಯ ನೆಲದ ಮೇಲೆ ಒಂದು ಗೇಣು ನೀರು. ಮಕ್ಕಳ ಹಾಸಿಗೆ, ಕನ್ನಡ ಕಥೆಪುಸ್ತಕಗಳ ಪೆಟ್ಟಿಗೆ, ಅವಲಕ್ಕಿ ಡಬ್ಬಿ ಎಲ್ಲವೂ ತೇಲುತ್ತಿದ್ದವು. ಗ್ಲ್ಯಾಂಡಿನ ನಟ್ಟುಗಳಲ್ಲಿ ಒಂದು ಎಂಜಿನ್ನಿನ ಅದುರಾಟಕ್ಕೆ ಸಡಿಲವಾಗಿ, ನೀರು ಹನಿಹನಿಯಾಗಿ ಅಲ್ಲ, ನಲ್ಲಿ ಸರಿಯಾಗಿ ತಿರುಗಿಸದೆ ಬಿಟ್ಟಾಗ ಬೀಳುವ ಎಳೆಯ ಹಾಗೆ ಬರುತ್ತಿತ್ತು. ಆ ಸಣ್ಣ ಎಳೆಯ ಲೆಕ್ಕ ಕೇಳಿ. ನಿಮಿಷಕ್ಕೆ 100 ಮಿಲಿಲೀಟರ್ ಎಂದರೆ ದಿನಕ್ಕೆ 144 ಲೀಟರ್. ಹತ್ತು ದಿನಕ್ಕೆ ಸುಮಾರು ಒಂದೂವರೆ ಟನ್ ಭಾರ, ಅದೂ ದೋಣಿಯ ಹಿಂಭಾಗದಲ್ಲೇ. ತಾನೇ ನೀರೆತ್ತುವ ವಿದ್ಯುತ್ ಪಂಪು ನಮ್ಮಲ್ಲೂ ಇತ್ತು. ಅದು ಬ್ಯಾಟರಿ ಮುಗಿಯುವವರೆಗೆ ನಿಷ್ಠೆಯಿಂದ ದುಡಿದು ಸತ್ತಿತ್ತು. ಆ ಮೇಲೆ ದೋಣಿ ಇಳಿಯುತ್ತಾ ಹೋಗಿದೆ. ಎಂಜಿನ್ ಹೊಗೆ ಹೋಗುವ ಕೊಳವೆಯ ಬಾಯಿ ನೀರಿನಿಂದ ನಾಲ್ಕು ಬೆರಳು ಮೇಲಿತ್ತು, ಅಷ್ಟೆ. ಇಂಥ ಬಾಯಿಗಳು ಒಮ್ಮೆ ನೀರಿಗೆ ಇಳಿದರೆ ಆಮೇಲೆ ಗ್ಲ್ಯಾಂಡಿನ ಕೆಲಸವೇ ಬೇಡ, ಗಂಟೆಗಳಲ್ಲಿ ದೋಣಿ ತಳ ಸೇರುತ್ತದೆ. ಅದಕ್ಕೆ ಹಿಂದಿನ ತಿಂಗಳು ದಸರಾ ರಜೆಯೆಂದು ನಮ್ಮ ಐವರು ಮಕ್ಕಳು ಅದೇ ಹಾಸಿಗೆಯಲ್ಲಿ ಮಲಗಿದ್ದರು. ಈ ಮಾತನ್ನು ಅವತ್ತು ಯಾರೂ ಆಡಲಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಅದೇ.

ಹೆದರಿದವರು ಏನು ಮಾಡುತ್ತಾರೆ? ಬಿಗಿಯುತ್ತಾರೆ. ನಾವೂ ಬಿಗಿದೆವು. ಒಂದು ಹನಿಯೂ ಬೀಳಬಾರದೆಂದು ಇಬ್ಬರು ಸೇರಿ ಸ್ಪ್ಯಾನರಿನ ಮೇಲೆ ಬಲಬಿಟ್ಟು ಬಿಗಿದೆವು. ಕೆಳಗೆ ಒಣ ಕಾಗದ ಹಾಸಿ, ಮರುದಿನ ಕಾಗದ ಒಣಗಿಯೇ ಇದ್ದುದನ್ನು ಕಂಡು ಹೆಮ್ಮೆಪಟ್ಟುಕೊಂಡೆವು. ನಮ್ಮ ಎರಡನೆಯ ತಪ್ಪು ಇದು, ಮೊದಲನೆಯದಕ್ಕಿಂತ ದೊಡ್ಡದು.

2023ರ ಮೇ ತಿಂಗಳಲ್ಲಿ ನಮ್ಮಲ್ಲೊಬ್ಬರ ತಂದೆಯವರು ಊರಿನಿಂದ ಬಂದಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. ನಾವೆಲ್ಲರೂ ಅಪ್ಪಯ್ಯ ಎಂದೇ ಕರೆಯುತ್ತೇವೆ. ಅವರನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಬ್ಯಾನಹರ್‌ನಿಂದ ಹೊಳೆಯ ಮೇಲ್ಮುಖವಾಗಿ ಹೊರಟೆವು. ಗ್ರ್ಯಾಂಡ್ ಕೆನಾಲ್ ಬಂದು ನದಿ ಸೇರುವ ಶ್ಯಾನನ್ ಹಾರ್ಬರ್ ದಾಟಿತು, ಶ್ಯಾನನ್ ಬ್ರಿಜ್ ದಾಟಿತು. ಕ್ಲಾನ್‌ಮ್ಯಾಕ್‌ನಾಯ್ಸ್ ಮಠದ ಗೋಪುರ ಕಾಣಿಸುವ ಹೊತ್ತಿಗೆ ಸುಟ್ಟ ವಾಸನೆ. ನಾವು ಒಲೆಯ ಕಡೆ ನೋಡಿದೆವು. ಅಪ್ಪಯ್ಯ ಮೂಗರಳಿಸಿ, “ಒಲೆ ಅಲ್ಲ ಮಾರಾಯ, ಇದು ಪಂಪ್‌ಸೆಟ್ಟಿನ ವಾಸನೆ. ಮೊದಲು ಎಂಜಿನ್ ನಿಲ್ಲಿಸು” ಎಂದರು. ಲಂಗರು ಇಳಿಸಿ, ಹಿಂದಿನ ಹಲಗೆ ಎತ್ತಿದರೆ ಗ್ಲ್ಯಾಂಡಿನಿಂದ ತೆಳ್ಳಗೆ ಹೊಗೆ.

ಅಪ್ಪಯ್ಯ ಬಗ್ಗಿ ನೋಡಿದವರೇ ನಕ್ಕುಬಿಟ್ಟರು. “ಅಯ್ಯೋ, ಇದು ನಮ್ಮ ಕೆರೆ ಪಂಪಿನ ಗ್ಲ್ಯಾಂಡೇ ಅಲ್ವೇನೋ! ಇದಕ್ಕೆ ನೀರೇ ಎಣ್ಣೆ. ನೀರು ಕೊಡದೆ ಬಾಯಿ ಕಟ್ಟಿಟ್ಟೀರಿ.”

ನಲವತ್ತು ವರ್ಷ ತೋಟಕ್ಕೆ ನೀರು ಹೊಡೆದವರು. ನಮಗೆ ಇಲ್ಲಿಯ ಪುಸ್ತಕ, ವಿಡಿಯೋ ಯಾವುದರಿಂದಲೂ ತಲೆಗೆ ಇಳಿಯದಿದ್ದ ವಿಷಯ ಆ ಒಂದು ಮಾತಿನಲ್ಲಿ ಇಳಿಯಿತು. ಹಗ್ಗಕ್ಕೂ ತಿರುಗುವ ಉಕ್ಕಿಗೂ ನಡುವೆ ನೀರಿನ ಒಂದು ತೆಳು ಪೊರೆ ಇರಬೇಕು. ಅದೇ ಜಾರಿಕೆ, ಅದೇ ತಂಪು. ಆ ಪೊರೆ ಇದೆ ಎಂಬುದಕ್ಕೆ ನಮಗೆ ಸಿಗುವ ಗುರುತು ಒಂದೇ: ಹೊರಗೆ ಬಂದು ಬೀಳುವ ಹನಿ. ಹನಿ ಪೂರ್ತಿ ನಿಂತರೆ ಹಗ್ಗ ಒಣಗಿ ಕರಿದಾಗುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಹಗ್ಗ ಉಕ್ಕನ್ನೇ ಕೊರೆಯುತ್ತದೆ. ತೋಟದ ಪಂಪಿಗೂ ದೋಣಿಗೂ ಇರುವ ವ್ಯತ್ಯಾಸವೆಂದರೆ ಅಲ್ಲಿ ಸೋರಿದ ನೀರು ಅಡಿಕೆ ಮರಕ್ಕೆ ಹೋಗುತ್ತದೆ, ಇಲ್ಲಿ ನಮ್ಮ ಹಾಸಿಗೆಗೆ.

ಎಂಜಿನ್ ಪೂರ್ತಿ ನಿಂತು, ಕೀಲಿ ಅಪ್ಪಯ್ಯನ ಜೇಬಿಗೆ ಹೋದ ಮೇಲೆ ನಟ್ಟುಗಳನ್ನು ಒಂದೊಂದಾಗಿ, ಸಮಸಮನಾಗಿ ಸಡಿಲಿಸಿದೆವು. ಮೊದಲು ಬಿಸಿನೀರು ಬಂತು, ಆಮೇಲೆ ತಣ್ಣೀರು. ಅರ್ಧ ಗಂಟೆ ಬಿಟ್ಟು, ನಿಮಿಷಕ್ಕೆ ಹತ್ತಾರು ಹನಿ ಬೀಳುತ್ತಿದ್ದ ಹಾಗೆಯೇ ನಿಧಾನವಾಗಿ ಹಿಂದಿರುಗಿದೆವು. ಮಕ್ಕಳು ದಾರಿಯುದ್ದಕ್ಕೂ ಹನಿ ಎಣಿಸಿದರು.

ದೋಣಿಯನ್ನು ಕ್ರೇನಿನಿಂದ ದಡಕ್ಕೆ ಎತ್ತಿಸಿ ನೋಡಿದಾಗ ಷಾಫ್ಟಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಗೀರು ಬಿದ್ದ ಷಾಫ್ಟು ಹೊಸ ಹಗ್ಗವನ್ನು ಅರದ ಹಾಗೆ ತಿನ್ನುತ್ತದೆ. ಬದಲಾಯಿಸದೆ ಗತಿಯಿರಲಿಲ್ಲ. ನಾಲ್ಕು ಮನೆಯವರ ಆ ವರ್ಷದ ಊರಿನ ಪ್ರಯಾಣದ ಉಳಿತಾಯದಲ್ಲಿ ಒಂದು ಪಾಲು ಹಾಗೆ ಹೋಯಿತು. ಎರಡು ನಟ್ಟನ್ನು ಕೋಪದಿಂದ ಬಿಗಿದ ತಪ್ಪಿಗೆ ಇಷ್ಟು ದಂಡ.

ಅಲ್ಲಿ ದಡದಲ್ಲಿ ಒಂದು ದೊಡ್ಡ ಚರ್ಚೆಯೂ ನಡೆಯಿತು. ಹನಿಯೇ ಬೀಳದ ಹೊಸ ಬಗೆಯ ಸೀಲುಗಳಿವೆಯಲ್ಲ, ಅದನ್ನೇ ಏಕೆ ಹಾಕಬಾರದು ಎಂದು ಇಬ್ಬರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾರೆವು. ಒಂದು ಬಗೆಯದರಲ್ಲಿ ರಬ್ಬರಿನ ತುಟಿಗಳು ಷಾಫ್ಟನ್ನು ಅಪ್ಪಿಕೊಂಡಿರುತ್ತವೆ. ಇನ್ನೊಂದರಲ್ಲಿ ಇಂಗಾಲದ ಬಿಲ್ಲೆಯೊಂದು ನಿಂತಿರುತ್ತದೆ, ಷಾಫ್ಟಿನ ಜೊತೆ ತಿರುಗುವ ಸ್ಟೀಲಿನ ಬಿಲ್ಲೆ ಅದಕ್ಕೆ ಮುಖಕ್ಕೆ ಮುಖ ಒತ್ತಿರುತ್ತದೆ. ಹಿಂದೆ ಹಾರ್ಮೋನಿಯಂ ತಿದಿಯಂಥ ರಬ್ಬರು ಒತ್ತಡ ಕೊಡುತ್ತದೆ. ದೋಣಿಯ ತಳ ಒಣಗಿರುತ್ತದೆ, ಕಬ್ಬಿಣಕ್ಕೆ ತುಕ್ಕು ಕಡಿಮೆ. ಆದರೆ ಇವಕ್ಕೂ ನೀರೇ ತಂಪು. ದೋಣಿಯನ್ನು ನೀರಿಗೆ ಇಳಿಸಿದ ಕೂಡಲೇ ರಬ್ಬರನ್ನು ಕೈಯಲ್ಲಿ ಅಮುಕಿ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ಬಿಡಬೇಕು, ನೀರು ಚಿಮ್ಮುವವರೆಗೆ. ಇದನ್ನು ಮರೆತು ಎಂಜಿನ್ ಓಡಿಸಿದರೆ ಹೊಸ ಸೀಲು ಒಣಗಿ ಸುಡುತ್ತದೆ. ರಬ್ಬರಿಗೆ ಆಯುಸ್ಸಿದೆ, ತಯಾರಕರು ಹೇಳಿದ ವರ್ಷಕ್ಕೆ, ನೋಡಲು ಚೆನ್ನಾಗಿಯೇ ಇದ್ದರೂ, ಬದಲಾಯಿಸಲೇಬೇಕು. ಬದಲಾಯಿಸಬೇಕೆಂದರೆ ಎಂಜಿನ್ನಿಗೂ ಷಾಫ್ಟಿಗೂ ಇರುವ ಜೋಡಣೆ ಬಿಚ್ಚಬೇಕು, ಸಾಮಾನ್ಯವಾಗಿ ದೋಣಿಯನ್ನೂ ನೀರಿನಿಂದ ಎತ್ತಬೇಕು. ಎಲ್ಲಕ್ಕಿಂತ ಮುಖ್ಯ, ನಮ್ಮಂಥವರಿಗೆ: ಹಗ್ಗದ ಗ್ಲ್ಯಾಂಡು ಕೆಡುವಾಗ ಹನಿ ಹೆಚ್ಚಿಸಿ ಮುಂಚಿತವಾಗಿ ಹೇಳುತ್ತದೆ, ಹಳತಾದ ರಬ್ಬರು ಹರಿದರೆ ಒಮ್ಮೆಲೇ ಹರಿಯುತ್ತದೆ. ತಪ್ಪದೆ ಕಾಲಕಾಲಕ್ಕೆ ಬದಲಾಯಿಸುವ ಶಿಸ್ತಿನವರಿಗೆ ಹೊಸದು ಒಳ್ಳೆಯದು. ರಾಜ್ಯೋತ್ಸವ ಬಂದರೆ ದೋಣಿಯನ್ನೇ ಮರೆಯುವ ನಮಗೆ ಹಗ್ಗವೇ ಸರಿ ಎಂದು ಮೂರು ಮತಗಳಿಂದ ತೀರ್ಮಾನವಾಯಿತು. ನಾಲ್ಕನೆಯವರು ಇನ್ನೂ ಒಪ್ಪಿಲ್ಲ.

ಹಗ್ಗ ಹಾಕುವ ಕೆಲಸಕ್ಕೆ ಅಪ್ಪಯ್ಯನೇ ಮೇಸ್ತ್ರಿ. ಹಳೆಯ ಬಳೆಗಳನ್ನು ಒಂದೂ ಬಿಡದೆ ಕೊಕ್ಕೆಯಿಂದ ಕಿತ್ತು ತೆಗೆಯಬೇಕು. ಮೇಲಿನದು ಸವೆದಿದೆಯೆಂದು ಅದರ ಮೇಲೇ ಹೊಸದನ್ನು ತುರುಕಿದರೆ ಕೆಳಗಿನ ಕಲ್ಲಾದ ಬಳೆಗಳು ಷಾಫ್ಟನ್ನು ಕೊರೆಯುವುದು ನಿಲ್ಲುವುದಿಲ್ಲ. ಹಗ್ಗದ ದಪ್ಪವನ್ನು ಊಹಿಸಬಾರದು: ಬಟ್ಟಲಿನ ಒಳಅಳತೆ 37 ಮಿಲಿಮೀಟರ್, ಷಾಫ್ಟು 25, ಉಳಿದ 12ರಲ್ಲಿ ಅರ್ಧ, ಅಂದರೆ 6 ಮಿಲಿಮೀಟರಿನ ಹಗ್ಗ. ಷಾಫ್ಟಿನಷ್ಟೇ ದಪ್ಪದ ಸರಳಿಗೆ ಹಗ್ಗವನ್ನು ಸುತ್ತಿ, ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿದರೆ ಒಂದೊಂದು ಸುತ್ತೂ ಒಂದೊಂದು ಬಳೆ. ಸ್ಪ್ರಿಂಗಿನ ಹಾಗೆ ಒಂದೇ ಉದ್ದ ಹಗ್ಗವನ್ನು ಸುತ್ತಬಾರದು, ನೀರು ಆ ಸುರುಳಿಯ ದಾರಿ ಹಿಡಿದೇ ಬರುತ್ತದೆ. ಮೊದಲ ಬಳೆಯ ಸಂದು ಮೇಲೆ ಬಂದರೆ ಎರಡನೆಯದರದು ಮೂರನೇ ಒಂದು ಸುತ್ತಿನಷ್ಟು ಆಚೆ, ಮೂರನೆಯದು ಇನ್ನೂ ಆಚೆ. ಒಂದೊಂದನ್ನೂ ಗ್ರೀಸು ಸವರಿ, ತಳ ಮುಟ್ಟುವವರೆಗೆ ಒತ್ತಿ, ಆಮೇಲೆ ಮುಂದಿನದು. ಬಳೆಗಾರನು ಬಸುರಿಗೆ ಬಳೆ ತೊಡಿಸುವಷ್ಟು ನಾಜೂಕಾಗಿ ಅಪ್ಪಯ್ಯ ನಾಲ್ಕನ್ನೂ ತೊಡಿಸಿದರು. ನಟ್ಟನ್ನು ಬೆರಳಿನಿಂದ ಬಿಗಿದು ಅಷ್ಟಕ್ಕೇ ಬಿಟ್ಟರು. ಸ್ಪ್ಯಾನರ್ ಮುಟ್ಟಲು ನಮಗೆ ಅಪ್ಪಣೆ ಸಿಕ್ಕಿದ್ದು ದೋಣಿ ನೀರಿಗಿಳಿದ ಮೇಲೆ.

ನೀರಿಗಿಳಿಸಿ ದಡಕ್ಕೆ ಗಟ್ಟಿಯಾಗಿ ಕಟ್ಟಿ, ಗೇರು ಹಾಕಿ ನಿಧಾನವಾಗಿ ಓಡಿಸಿದೆವು. ದೂರದಿಂದ ಟಾರ್ಚು ಬಿಟ್ಟು ಹನಿ ಎಣಿಸುವುದು, ಎಂಜಿನ್ ನಿಲ್ಲಿಸುವುದು, ನಟ್ಟಿನ ಆರು ಮುಖದಲ್ಲಿ ಒಂದು ಮುಖದಷ್ಟು ಮಾತ್ರ ಎರಡೂ ಕಡೆ ತಿರುಗಿಸುವುದು, ಮತ್ತೆ ಓಡಿಸುವುದು. ಹೊಸ ಹಗ್ಗ ಹೊಂದಿಕೊಳ್ಳಲು ಕೆಲವು ಗಂಟೆಗಳ ಓಟ ಬೇಕು, ಅವಸರ ಕೂಡದು. ಓಡುವಾಗ ನಿಮಿಷಕ್ಕೆ ಎರಡು-ಮೂರು ಹನಿ ನಮ್ಮ ಗುರಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದುಕೊಂಡರೆ, ಐದು ಗಂಟೆ ಓಡಿಸಿದರೂ ಬರುವ ನೀರು ಒಂದು ಸಣ್ಣ ಕಾಫಿ ಲೋಟಕ್ಕಿಂತ ಕಡಿಮೆ. ಅದಕ್ಕೆ ಕೆಳಗೊಂದು ತಟ್ಟೆ. ಓಡಿಸಿ ನಿಲ್ಲಿಸಿದ ಮೇಲೆ ಗ್ಲ್ಯಾಂಡನ್ನು ಕೈಯಿಂದ ಮುಟ್ಟಿದರೆ ಬೆಚ್ಚಗಿರಬಹುದು, ಕೈ ಇಡಲಾರದಷ್ಟು ಬಿಸಿ ಇರಬಾರದು. ಸಂಜೆ ದೋಣಿ ಕಟ್ಟಿದ ಮೇಲೆ ಗ್ರೀಸ್ ಡಬ್ಬಿಯ ಹಿಡಿಯನ್ನು ಬಿಗಿಯೆನಿಸುವವರೆಗೆ ತಿರುಗಿಸಿದರೆ ರಾತ್ರಿಯ ಹನಿ ನಿಲ್ಲುತ್ತದೆ. ನಿಂತ ದೋಣಿಯಲ್ಲಿ ಹನಿ ನಿಲ್ಲಬೇಕು, ಓಡುವ ದೋಣಿಯಲ್ಲಿ ಬೀಳಬೇಕು.

ಒಂದು ಎಚ್ಚರಿಕೆ, ಇದನ್ನು ಹಗುರವಾಗಿ ಓದಬೇಡಿ. ತಿರುಗುವ ಷಾಫ್ಟಿನ ಹತ್ತಿರ ದುಪಟ್ಟಾ, ಶಾಲು, ಪಂಚೆಯ ಸೆರಗು, ಬಿಚ್ಚಿದ ಜಡೆ ಯಾವುದೂ ಕೂಡದು. ಹಲಗೆ ಎತ್ತಿರುವಾಗ ಮಕ್ಕಳು ಅತ್ತ ಸುಳಿಯಕೂಡದು.

ದೋಣಿ ದಡದಲ್ಲಿದ್ದಾಗ ಕಾದು ಕೂತ ಒಂದು ದಿನ ಹತ್ತಿರದ ಬರ್ ಊರಿನ ಕೋಟೆಗೆ ಹೋಗಿ ಬಂದೆವು. ದೊಡ್ಡ ದೂರದರ್ಶಕವನ್ನು 1845ರಲ್ಲಿ ಕಟ್ಟಿದ ರಾಸ್ ಮನೆತನದ್ದು ಅದು. ನಮ್ಮ ಸಂಘದ ಮಕ್ಕಳಲ್ಲಿ ಬಹಳ ಮಂದಿ ನೋಡಿದ್ದಾರೆ. ಆ ಮನೆಯ ಕಿರಿಯ ಮಗ ಚಾರ್ಲ್ಸ್ ಪಾರ್ಸನ್ಸ್ ಹಡಗಿಗೆ ಉಗಿಯ ಟರ್ಬೈನ್ ಕೂರಿಸಿದವರು. 1897ರಲ್ಲಿ ವಿಕ್ಟೋರಿಯಾ ರಾಣಿಯ ನೌಕಾಪಡೆಯ ಪ್ರದರ್ಶನದಲ್ಲಿ ಅವರ ಟರ್ಬಿನಿಯಾ ಹಡಗು ಯುದ್ಧನೌಕೆಗಳ ಸಾಲಿನ ನಡುವೆ ನುಗ್ಗಿ ಯಾರಿಗೂ ಸಿಗದೆ ಓಡಿತು. ಅದಕ್ಕೆ ಮೂರು ಷಾಫ್ಟು, ಒಂಬತ್ತು ಪ್ರೊಪೆಲರ್. “ಹಾಗಾದರೆ ಅವರು ಮೂರು ಕಡೆ ಹನಿ ಎಣಿಸಬೇಕಿತ್ತಾ?” ಎಂದು ನಮ್ಮ ಒಂಬತ್ತು ವರ್ಷದ ಹುಡುಗಿ ಕೇಳಿದಳು. ಅಪ್ಪಯ್ಯನಿಗೆ ಬಹಳ ಸಂತೋಷವಾಯಿತು.

ಇನ್ನು ದೋಣಿ ಕೊಳ್ಳಹೊರಟ ಆ ಎರಡು ಮನೆಯವರಿಗೆ. ಬಣ್ಣ, ಪರದೆ, ಅಡಿಗೆಮನೆ ನೋಡುವ ಮೊದಲು ಹಿಂದಿನ ಹಲಗೆ ಎತ್ತಿಸಿ. ಗ್ಲ್ಯಾಂಡಿನ ಮುಚ್ಚಳ ಪೂರ್ತಿ ಒಳಗೆ ಹೋಗಿ, ನಟ್ಟಿಗೆ ಬಿಗಿಯಲು ಎಳೆಯೇ ಉಳಿದಿಲ್ಲವೆಂದರೆ ಹಗ್ಗ ಮುಗಿದಿದೆ ಎಂದರ್ಥ. ಸುತ್ತಲಿನ ಗೋಡೆಗೆ ವೃತ್ತಾಕಾರದಲ್ಲಿ ತುಕ್ಕಿನ ಗೆರೆ ಎರಚಿದ್ದರೆ ಆ ದೋಣಿ ಬಹಳ ಕಾಲ ಸೋರಿದೆ. ಗ್ಲ್ಯಾಂಡನ್ನು ಹಿಡಿದಿರುವ ರಬ್ಬರ್ ಕೊಳವೆ ಕೆಲವು ದೋಣಿಗಳಲ್ಲಿರುತ್ತದೆ. ಅದನ್ನು ಅಮುಕಿ ಬಿರುಕು ನೋಡಿ, ಎರಡೂ ತುದಿಗೆ ಎರಡೆರಡು ಸ್ಟೀಲ್ ಕ್ಲಿಪ್ಪು ಇವೆಯೇ ಎಣಿಸಿ. ಆ ಕೊಳವೆ ಹರಿದರೆ ಗ್ಲ್ಯಾಂಡು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ದೋಣಿ ದಡದಲ್ಲಿದ್ದರೆ ಪ್ರೊಪೆಲರ್ ಹಿಡಿದು ಅಲುಗಿಸಿ. ಗಡಗಡ ಅಲುಗಿದರೆ ಹೊರಗಿನ ಬೇರಿಂಗ್ ಸವೆದಿದೆ, ಅಂಥ ಷಾಫ್ಟು ಕುಣಿಯುತ್ತದೆ, ಕುಣಿಯುವ ಷಾಫ್ಟಿಗೆ ಯಾವ ಸೀಲೂ ನಿಲ್ಲುವುದಿಲ್ಲ. ಎಂಜಿನ್ನೂ ಷಾಫ್ಟೂ ಒಂದೇ ನೇರದಲ್ಲಿವೆಯೇ ಎಂಬುದನ್ನು ಮಾತ್ರ ದೋಣಿ ನೀರಿನಲ್ಲಿರುವಾಗಲೇ ತಿಳಿದವರಿಂದ ಅಳೆಸಬೇಕು, ದಡದ ಮೇಲೆ ಕೂತ ದೋಣಿಯ ಮೈ ಸ್ವಲ್ಪ ಬಾಗಿರುತ್ತದೆ. ಷಾಫ್ಟಿಗೆ ಮೀನು ಹಿಡಿಯುವವರ ನೈಲಾನ್ ದಾರ ಸುತ್ತಿಕೊಂಡಿದೆಯೇ ನೋಡಿ. ನಮ್ಮದರಲ್ಲಿ ಒಂದು ಹಿಡಿ ಸಿಕ್ಕಿತು. ಹೊರಗಿನ ನೀರನ್ನು ಸೇದಿ ಸೀಲಿಗೆ ಕೊಡುವ ಕೊಳವೆಯಿದ್ದರೆ ಅದರ ಬಾಯಿಯನ್ನೂ ಕೆರೆಸಬೇಕು. 1997ರಲ್ಲಿ ಮೊದಲು ಪತ್ತೆಯಾದ ಪಟ್ಟೆ ಚಿಪ್ಪಿನ ಜೀಬ್ರಾ ಮಸಲ್ ಶ್ಯಾನನ್ನಿನ ಎಲ್ಲೆಡೆ ಅಂಟುತ್ತದೆ.

ನೀರು ನಿಜವಾಗಿಯೂ ನುಗ್ಗಿದರೆ? ಎಲ್ಲರಿಗೂ ತೇಲುಕವಚ, ದೋಣಿಯನ್ನು ಹತ್ತಿರದ ದಡಕ್ಕೋ ಆಳವಿಲ್ಲದ ಕಡೆಗೋ ತಿರುಗಿಸುವುದು, 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಎನ್ನುವುದು. ಲಾಕ್ ಡರ್ಗ್, ಲಾಕ್ ರೀ ಎರಡು ಸರೋವರಗಳಲ್ಲೂ ಜೀವರಕ್ಷಕ ದೋಣಿಯ ಸ್ವಯಂಸೇವಕರಿದ್ದಾರೆ. ಆಮೇಲೆ ಎಂಜಿನ್ ನಿಲ್ಲಿಸಿ, ಗ್ರೀಸು ಮೆತ್ತಿದ ಬಟ್ಟೆಯನ್ನು ಗ್ಲ್ಯಾಂಡಿನ ಬಾಯಿಗೆ ಬಿಗಿಯಾಗಿ ಸುತ್ತಿ ಕಟ್ಟಿದರೆ ಎಷ್ಟೋ ನೀರು ತಡೆಯುತ್ತದೆ. ಹಾಸಿಗೆ, ಪುಸ್ತಕ ಉಳಿಸಲು ಒಳಗೆ ಇಳಿಯಬೇಡಿ.

ನಮ್ಮ ದೋಣಿಯಲ್ಲಿ ಈಗ ಒಂದು ನೂರು ಪುಟದ ನೋಟುಪುಸ್ತಕ ತೂಗುಹಾಕಿದೆ. ದಿನಾಂಕ, ಓಡಿದ ಗಂಟೆ, ನಿಮಿಷಕ್ಕೆ ಹನಿ, ಗ್ರೀಸಿನ ಸುತ್ತು, ಬ್ಯಾಟರಿ, ಬರೆದವರ ಸಹಿ. ಚಳಿಗಾಲದಲ್ಲಿ ವಾರಕ್ಕೊಂದು ಮನೆಯವರ ಪಾಳಿ. ರಾಜ್ಯೋತ್ಸವದ ವಾರಕ್ಕೆ ಯಾರೆಂದು ಆಗಸ್ಟಿನಲ್ಲೇ ಚೀಟಿ ಎತ್ತುತ್ತೇವೆ. ಪಾಳಿ ತಪ್ಪಿಸಿದವರು ಮುಂದಿನ ಸಂತರ್ಪಣೆಯಲ್ಲಿ ಪಾತ್ರೆ ತೊಳೆಯಬೇಕು. ತೀರ್ಥಹಳ್ಳಿಯಿಂದ ಭಾನುವಾರದ ಫೋನು ಬಂದಾಗ ಮೊಮ್ಮಕ್ಕಳ ಕುಶಲ ಕೇಳುವ ಮೊದಲು ಅಪ್ಪಯ್ಯ ಹನಿ ಎಷ್ಟು ಎಂದು ಕೇಳುತ್ತಾರೆ.

ನೋಡಬೇಕೆನ್ನುವವರು ಮುಂದಿನ ತಿಂಗಳ ಎರಡನೆಯ ಶನಿವಾರ ಬ್ಯಾನಹರ್ ದಡಕ್ಕೆ ಬನ್ನಿ. ಅವತ್ತು ಹಗ್ಗ ಬದಲಾಯಿಸುತ್ತೇವೆ. ಹಳೆಯ ಬಟ್ಟೆ ಹಾಕಿಕೊಂಡು, ಒಂದು ಟಾರ್ಚು ಹಿಡಿದುಕೊಂಡು ಬನ್ನಿ. ಚಿತ್ರಾನ್ನ ನಮ್ಮದು.